ಬರ ಕಂಡವರ ಲೆಕ್ಕಾಚಾರ

1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮದ್ರಾಸ್ ಪ್ರಾಂತದ ಬಳ್ಳಾರಿಯಿಂದ ಹಿಡಿದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಕಲಾದಗಿ ಜಿಲ್ಲೆಗಳವರೆಗೆ, ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸೀಮೆಯ ಬಯಲುನಾಡಿನ ಉದ್ದಗಲಕ್ಕೆ, ಎರಡು ವರ್ಷ ಕಾಡಿದ ಬರ ಆಗ ಶುರುವಾಯಿತು. ಆ ಎರಡು ಸಂವತ್ಸರಗಳ ಹೆಸರಿನಲ್ಲಿ ಜನ ಅದನ್ನು ಧಾತು-ಈಶ್ವರ ಬರ ಎಂದು ನೆನಪಿಟ್ಟುಕೊಂಡರು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಕಲಾದಗಿ ಜಿಲ್ಲೆ ತನ್ನ ಐದನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಈ ಬರದ ಬಗ್ಗೆ ಕಾಗದಪತ್ರಕ್ಕೆ ಕೊರತೆಯಿಲ್ಲ. ಮದ್ರಾಸಿನಲ್ಲಿ ಪತ್ರಿಕಾ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ ಎರಡು ದಪ್ಪ ಸಂಪುಟ ಬರೆದ. ಮೈಸೂರಿನ ಬರಪರಿಹಾರದ ಹೊಣೆ ಹೊತ್ತ ಚಾರ್ಲ್ಸ್ ಎಲಿಯಟ್ ವಿವರವಾದ ವರದಿ ಕೊಟ್ಟ. ಹೂಪರ್ ಎಂಬ ಸೇನಾಧಿಕಾರಿ ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. ಇಷ್ಟೆಲ್ಲದರಲ್ಲಿ ಸಾಮಾನ್ಯ ಜನ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡೇ ರೂಪದಲ್ಲಿ: ಬರದ ಆರಂಭದಲ್ಲಿ ಗಾಬರಿಬಿದ್ದು ದಿಕ್ಕಾಪಾಲಾದ ಗುಂಪಾಗಿ, ಕೊನೆಯಲ್ಲಿ ಗಂಜಿಗೆ ಕೈಯೊಡ್ಡಿದ ಮೂಕ ದೇಹಗಳಾಗಿ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವರು ಏನು ಮಾಡಿದರು ಎಂದು ಅದೇ ದಾಖಲೆಗಳನ್ನು ಇಟ್ಟುಕೊಂಡು ನೋಡಿದರೆ ಬೇರೆಯೇ ಒಂದು ನಡವಳಿಕೆ ಕಾಣುತ್ತದೆ. ಅಧಿಕಾರಿಗಳು ಗಾಬರಿ ಎಂದು ಬರೆದಿದ್ದರಲ್ಲಿ ಬಹುಪಾಲು, ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಕೊನೆಯವರೆಗೂ ಬಿಡಬಾರದು ಎಂಬ ಹಳೆಯ ಲೆಕ್ಕದ ಪ್ರಕಾರವೇ ನಡೆದದ್ದು.

ಆ ಲೆಕ್ಕ ಬರ ಬಂದ ಮೇಲೆ ಹುಟ್ಟಿದ್ದಲ್ಲ. ಬಿತ್ತುವಾಗಲೇ ಅದು ಹೊಲದಲ್ಲಿ ಇರುತ್ತಿತ್ತು. ಮೈಸೂರಿನ ಬಯಲುಸೀಮೆಯ ರೈತ ಹೊಲದ ತುಂಬ ಬರೀ ರಾಗಿ ಚೆಲ್ಲುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು ಹಾಕುತ್ತಿದ್ದ. ಇವೆಲ್ಲ ಒಂದೇ ಮಳೆಗೆ ಕಾಯುವ ಬೆಳೆಗಳಲ್ಲ. ರಾಗಿಗೆ ಬೇಕಾದ ಹೊತ್ತಿಗೆ ಮಳೆ ತಪ್ಪಿದರೂ ತಡವಾಗಿ ಬಂದ ಹನಿಗೆ ಅವರೆ ಹೂಬಿಡುತ್ತದೆ, ಆಳಕ್ಕೆ ಬೇರಿಳಿಸುವ ತೊಗರಿ ನಿಲ್ಲುತ್ತದೆ. ಮುಂಗಾರು ಪೂರಾ ಹೋಯಿತೆಂದು ಗೊತ್ತಾದ ಮೇಲೆ ಹಾಕಲು ಬರಗು, ಸಾಮೆಯಂತಹ ಕಿರುಧಾನ್ಯಗಳಿದ್ದವು. ಅದರಲ್ಲೂ ಬರಗು ಎರಡು-ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತಿತ್ತು. ಒಳ್ಳೆಯ ವರ್ಷದಲ್ಲಿ ಈ ಪದ್ಧತಿಯಿಂದ ನಷ್ಟವೇ, ಏಕೆಂದರೆ ಒಂದೇ ಬೆಳೆ ಕೊಡಬಹುದಾಗಿದ್ದ ಗರಿಷ್ಠ ಫಸಲು ಸಿಗುವುದಿಲ್ಲ. ಆ ನಷ್ಟವನ್ನು ರೈತ ತಿಳಿದೇ ಒಪ್ಪಿಕೊಳ್ಳುತ್ತಿದ್ದ. ಕೊಯ್ಲಾದ ಮೇಲೆ ಕಣದಲ್ಲೇ ಆಯಗಾರರ ಪಾಲು ಅಳೆದುಕೊಡುವುದು, ಉದುರಿದ ತೆನೆಯನ್ನು ಬಡವರು ಹಕ್ಕಲು ಆಯ್ದುಕೊಳ್ಳಲು ಬಿಡುವುದು, ಇವೂ ಊರಿನ ಧಾನ್ಯ ಊರಿನ ಹಲವು ಕೈಗಳಲ್ಲಿ ಉಳಿಯುವಂತೆ ನೋಡಿಕೊಂಡ ಏರ್ಪಾಡುಗಳು. ಇದನ್ನು ಔದಾರ್ಯವೆಂದು ಮಾತ್ರ ಓದಬೇಕಾಗಿಲ್ಲ. ಮುಂದಿನ ವರ್ಷ ಕಮ್ಮಾರ, ಕುಂಬಾರ, ಕೂಲಿಯಾಳು ಊರಲ್ಲೇ ಇರಬೇಕೆಂಬ ಸ್ವಾರ್ಥವೂ ಅದರಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಆಸರೆ ಹಗೇವು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ನೆಲದೊಳಗಿನ ಗುಂಡಿಗಳಲ್ಲಿ ತುಂಬಿಡುವುದನ್ನು ಗಮನಿಸಿ ಬರೆದಿದ್ದಾನೆ. ಉತ್ತರದ ಕಪ್ಪುನೆಲದ ಊರುಗಳಲ್ಲಿ ಜೋಳಕ್ಕೂ ಇದೇ ವ್ಯವಸ್ಥೆ. ನೀರು ನಿಲ್ಲದ ಎತ್ತರದ, ಗಟ್ಟಿ ನೆಲ ಆರಿಸಿ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ ಇಟ್ಟು, ಒಳಗೆ ಹೋದಂತೆ ಅಗಲವಾಗುವ ಗುಂಡಿ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣಿನಿಂದ ಮೆತ್ತಿದರೆ ಮುಗಿಯಿತು. ಒಳಗಿನ ಕಾಳು ಉಸಿರಾಡಿ ಇದ್ದ ಗಾಳಿಯನ್ನೆಲ್ಲ ಕೆಡಿಸುತ್ತದೆ, ಹುಳು ಬದುಕುವುದಿಲ್ಲ. ಗೋಡೆಗೆ ತಾಗಿದ ಒಂದು ಪದರ ಮುಗ್ಗಲು ಹಿಡಿದು ವಾಸನೆ ಬಂದರೂ ನಡುವಿನ ಧಾನ್ಯ ಕೆಡುತ್ತಿರಲಿಲ್ಲ. ರಾಗಿಯಂತೂ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಆ ಕೆಟ್ಟ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಚಪ್ಪಡಿ ಸರಿಸಿದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ; ಬಾಯಿ ತೆರೆದಿಟ್ಟು ಕಾಯ್ದು, ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಹಗೇವಿಗೆ ಇನ್ನೊಂದು ಗುಣವೂ ಇತ್ತು. ಒಮ್ಮೆ ತೆರೆದ ಮೇಲೆ ಮತ್ತೆ ಮೊದಲಿನಂತೆ ಮುಚ್ಚುವುದು ಕಷ್ಟವಾದ್ದರಿಂದ ಸಣ್ಣಪುಟ್ಟ ಕೊರತೆಗೆ ಅದರ ಮೇಲೆ ಕೈ ಹಾಕುತ್ತಿರಲಿಲ್ಲ. ದಂಡು ಬಂದು ಊರು ಸುಲಿದಾಗಲೂ ಮಣ್ಣಿನಡಿಯ ರಾಗಿ ಉಳಿಯುತ್ತಿತ್ತು. 1791-92ರ ಯುದ್ಧ ಮತ್ತು ಬರಗಳ ನೆನಪು ಇನ್ನೂ ಮಾಸಿರದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ 1876ರಲ್ಲಿ ಹಗೇವುಗಳು ಏನಾದವು? ಮೊದಲನೆಯ ಉತ್ತರ ನೇರವಾದದ್ದು: 1875ರ ಮಳೆಯೂ ಸಾಲದಾಗಿ ಸಂಗ್ರಹ ಆಗಲೇ ಅರ್ಧಕ್ಕರ್ಧ ಕರಗಿತ್ತು. ಎರಡನೆಯದು ನಿಧಾನವಾಗಿ ಆದ ಬದಲಾವಣೆ. ಹಿಂದೆ ಬಹಳ ಭೂಮಿಗೆ ಕಂದಾಯ ಬಟಾಯಿ ಪದ್ಧತಿಯಲ್ಲಿತ್ತು. ಬೆಳೆದದ್ದರಲ್ಲಿ ಸರ್ಕಾರಕ್ಕೆ ಪಾಲು, ಬೆಳೆಯದಿದ್ದರೆ ಪಾಲೂ ಕಡಿಮೆ. ಮಾರ್ಕ್ ಕಬ್ಬನ್ನನ ಕಾಲದಿಂದ ಅದನ್ನು ಹಂತಹಂತವಾಗಿ ನಗದು ಕಂದಾಯಕ್ಕೆ ತಿರುಗಿಸಲಾಯಿತು, 1860ರ ದಶಕದ ಸರ್ವೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಬಟಾಯಿಯಲ್ಲಿ ಅಮಲ್ದಾರರ ಕಿರುಕುಳ ವಿಪರೀತವಾಗಿತ್ತು, ನಗದು ಕಂದಾಯ ಅದನ್ನು ತಪ್ಪಿಸಿತು ಎಂಬುದು ನಿಜ. ಆದರೆ ನಗದು ಬೇಕಾದವನು ಕಣದಲ್ಲಿ ರಾಶಿ ಇರುವಾಗಲೇ, ಬೆಲೆ ತಳಕ್ಕಿಳಿದಿರುವಾಗಲೇ, ಮಾರಬೇಕು. ಧಾರವಾಡದ ಕಡೆ ಹತ್ತಿಯ ಸೆಳೆತ ಬೇರೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿದಾಗ ಜೋಳದ ಹೊಲಗಳು ಹತ್ತಿಗೆ ತಿರುಗಿದವು, ಬೆಲೆ ಬಿದ್ದ ಮೇಲೆ ಸಾಲ ಉಳಿಯಿತು. ಎತ್ತಿನ ಮಂದೆಯ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ರಸ್ತೆಯಿಲ್ಲದ ಊರಿಗೂ ಮುಟ್ಟಿಸುತ್ತಿದ್ದ ಲಂಬಾಣಿಗಳ ವ್ಯಾಪಾರವನ್ನು ಗಾಡಿರಸ್ತೆ ಮತ್ತು ರೈಲು ತಿಂದುಹಾಕಿದ್ದವು. ರೈಲು 1864ರಲ್ಲೇ ಬೆಂಗಳೂರಿಗೆ ಬಂದಿತ್ತು, ಬರದ ಕಾಲದಲ್ಲಿ ಅಕ್ಕಿಯ ಮೂಟೆಗಳನ್ನು ತಂದು ಸುರಿಯಿತು ಕೂಡ. ಅಲ್ಲಿಂದ ಪಾವಗಡಕ್ಕೋ ಶಿರಾಕ್ಕೋ ಒಯ್ಯಲು ಎತ್ತುಗಳು ಬೇಕು, ಎತ್ತುಗಳಿಗೆ ಮೇವು ಬೇಕು, ಮೇವು ಇರಲಿಲ್ಲ. ಹೇಗೋ ಒಯ್ದರೂ ಮೂರು ಪಟ್ಟಿಗೂ ಮೀರಿ ಏರಿದ ಬೆಲೆ ಕೊಡಲು ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ. ಇಷ್ಟಾಗಿಯೂ ಅಧಿಕಾರಿಗಳಲ್ಲಿ ಹಲವರು, ರೈತರ ಗುಂಡಿಗಳಲ್ಲಿ ಇನ್ನೂ ಬೇಕಾದಷ್ಟು ರಾಗಿ ಅಡಗಿದೆ ಎಂದೇ ನಂಬಿ ಕೂತಿದ್ದರು. ಜನರ ಮುಂಜಾಗ್ರತೆ ಆಡಳಿತದ ಉದಾಸೀನಕ್ಕೆ ನೆಪವಾಯಿತು.

ಮಳೆ ತಪ್ಪಿದ್ದು ಖಚಿತವಾದ ಮೇಲೆ ಮನೆಯೊಳಗೆ ನಡೆಯುತ್ತಿದ್ದದ್ದನ್ನು ನೋಡೋಣ. ಮೊದಲು ಕಡಿತವಾಗುವುದು ಊಟ. ಮುದ್ದೆ ಚಿಕ್ಕದಾಗುತ್ತದೆ, ಆಮೇಲೆ ಮುದ್ದೆ ಹೋಗಿ ಅಂಬಲಿ ಬರುತ್ತದೆ, ಅಂಬಲಿ ತೆಳ್ಳಗಾಗುತ್ತದೆ. ಜೊತೆಜೊತೆಗೇ ಹೊಲದ ಬದು, ಕೆರೆ ಅಂಗಳ, ಗೋಮಾಳಗಳಿಂದ ಸೊಪ್ಪು ಬರಲು ಶುರು: ಅಣ್ಣೆ, ಹೊನಗೊನ್ನೆ, ಗೋಣಿ. ಮುಂದಿನದು ಕಳ್ಳಿಹಣ್ಣು, ಅತ್ತಿಕಾಯಿ, ಕತ್ತಾಳೆ ಗೆಡ್ಡೆ, ಹುಣಿಸೆ ಬೀಜ. ಹುಣಿಸೆ ಬೀಜವನ್ನು ಹಾಗೇ ತಿಂದರೆ ಹೊಟ್ಟೆ ಕೆಡುತ್ತದೆ. ಹುರಿದು, ಕುಟ್ಟಿ ಕೆಂಪು ಸಿಪ್ಪೆ ಹಾರಿಸಿ, ಬಿಳಿಯ ಬೇಳೆಯನ್ನು ನೀರಲ್ಲಿ ನೆನೆಹಾಕಿ, ಒಣಗಿಸಿ ಬೀಸಿ, ಇದ್ದಷ್ಟು ರಾಗಿಹಿಟ್ಟಿಗೆ ಬೆರೆಸಬೇಕು. ಇಷ್ಟು ಕೆಲಸ ಗೊತ್ತಿದ್ದ ಹೆಂಗಸು ಮನೆಯಲ್ಲಿದ್ದರೆ ಹುಣಿಸೆ ಬೀಜ ಆಹಾರ, ಇಲ್ಲದಿದ್ದರೆ ಕಾಯಿಲೆ. ಈ ಜ್ಞಾನವನ್ನು ಗಾಬರಿಯಲ್ಲಿ ಯಾರೂ ಕಂಡುಹಿಡಿಯಲಾರರು. ಅತ್ತೆಯಿಂದ ಸೊಸೆಗೆ ಹೋಗಬೇಕು. ಕಾಡಿನ ವಿಷಯದಲ್ಲೂ ಹಾಗೆಯೇ. ಧಾತು ಬರಕ್ಕೆ ಹನ್ನೆರಡು ವರ್ಷ ಮೊದಲು, ಕಾಳಿನ ಬೆಲೆ ಏರಿದ್ದ 1864ರಲ್ಲಿ, ಉತ್ತರ ಕನ್ನಡದ ಸೂಪಾ ಕಾಡುಗಳ ಬಿದಿರು ಒಟ್ಟಿಗೇ ಹೂಬಿಟ್ಟು ಅಕ್ಕಿ ಕಟ್ಟಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಸುಮಾರು 50,000 ಜನ ಅಲ್ಲಿಗೆ ಹೋದರೆಂದು ಅಂದಿನ ಅರಣ್ಯ ದಾಖಲೆಗಳ ಅಂದಾಜು. ಒಂದೊಂದು ತಂಡ ಹತ್ತು-ಹದಿನಾಲ್ಕು ದಿನ ಕಾಡಿನಲ್ಲಿ ಬೀಡುಬಿಟ್ಟು, ಬುಡ ಗುಡಿಸಿ ಬಿದಿರಕ್ಕಿ ಬಳಿದು, ಮಳೆಗಾಲ ಕಳೆಯುವಷ್ಟನ್ನು ಮನೆಗೆ, ಉಳಿದದ್ದನ್ನು ಮಾರಾಟಕ್ಕೆ ಒಯ್ಯಿತು. ಎಷ್ಟು ದೂರದ ಯಾವ ಕಾಡಿನಲ್ಲಿ ಏನಾಗಿದೆ ಎಂಬ ಸುದ್ದಿ ಅಷ್ಟು ಜನಕ್ಕೆ ಮುಟ್ಟಿ, ಅವರು ಸರದಿಯಂತೆ ಹೋಗಿಬಂದದ್ದನ್ನು ನೋಡಿದರೆ, ಕೊರತೆಯ ಕಾಲದ ಜನಸಂಚಾರ ಎಷ್ಟು ವ್ಯವಸ್ಥಿತವಾಗಿ ನಡೆಯಬಲ್ಲದು ಎಂದು ಗೊತ್ತಾಗುತ್ತದೆ.

ಊಟದ ನಂತರದ ಮೆಟ್ಟಿಲು ಮಾರಾಟ. ಇಲ್ಲಿ ಕ್ರಮ ಇನ್ನೂ ಸ್ಪಷ್ಟ. ಬೆಳ್ಳಿಯ ಕಡಗ, ಡಾಬು, ಕಾಲುಬಳೆ ಮೊದಲು ಹೋಗುತ್ತವೆ. ಅವು ಇರುವುದೇ ಅದಕ್ಕೆ. ಹಳ್ಳಿಯ ಒಡವೆಯನ್ನು ಆಡಂಬರ ಎಂದು ಜರಿದ ಆಂಗ್ಲ ಅಧಿಕಾರಿಗಳು ಅದೇ ಬೆಳ್ಳಿ ಮುಂಬಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಕರಗಲು ಬಂದಾಗ ಅದನ್ನು ಬರದ ಆಳಕ್ಕೆ ಸಾಕ್ಷಿಯೆಂದು ಎಣಿಸಿದರು. ಬೆಳ್ಳಿಯ ನಂತರ ತಾಮ್ರ, ಹಿತ್ತಾಳೆಯ ಪಾತ್ರೆ. ಆಮೇಲೆ ಹಾಲು ಬತ್ತಿದ ದನ. ಆಮೇಲೆ ಮನೆಯ ಬಾಗಿಲು, ತೊಲೆ, ಜಂತೆ. ಅದನ್ನು ಕಿತ್ತು ಸೌದೆಯ ಬೆಲೆಗೆ ಮಾರಿದ ಊರುಗಳನ್ನು ಬರದ ವರದಿಗಳು ಕಂಡಿವೆ. ಉಳುವ ಎತ್ತು ಮತ್ತು ಬಿತ್ತನೆ ಬೀಜ ಕೊನೆಗೆ. ಮನೆಯ ಸೂರು ಕಿತ್ತು ಮಾರಿದವನ ಮನೆಯ ಮೂಲೆಯಲ್ಲಿ ಬೀಜದ ರಾಗಿ ಉಳಿದಿರಬಹುದಿತ್ತು ಎಂಬುದು ಹೊರಗಿನವರಿಗೆ ಮರುಳುತನದಂತೆ ಕಾಣಬಹುದು. ಸೂರನ್ನು ಮತ್ತೆ ಹಾಕಬಹುದು. ಬೀಜ ತಿಂದವನು ಮುಂದಿನ ವರ್ಷ ಜೀತಕ್ಕೇ ನಿಲ್ಲಬೇಕು. ಮರಳಿ ಪಡೆಯಲು ಎಷ್ಟು ಕಷ್ಟ ಎಂಬುದೇ ಇಲ್ಲಿ ಅಳತೆಗೋಲು. ಕಷ್ಟ ಹೆಚ್ಚಿದಷ್ಟೂ ವಸ್ತು ಸಾಲಿನ ಹಿಂದಕ್ಕೆ ಸರಿಯುತ್ತದೆ.

ಮಳೆಗಾಗಿ ಮಾಡುವ ಆಚರಣೆಗಳನ್ನು ಈ ಲೆಕ್ಕದ ಹೊರಗಿಡುವುದು ವಾಡಿಕೆ, ಮೂಢನಂಬಿಕೆಯ ಖಾತೆಗೆ ಹಾಕಿಬಿಟ್ಟರೆ ಆಯಿತು. ಆದರೆ ನಡೆಯುವುದೇನು ಎಂದು ಹತ್ತಿರದಿಂದ ನೋಡಬೇಕು. ಹಳೆಯ ಮೈಸೂರಿನ ಕಡೆ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ಹುಡುಗನೊಬ್ಬನ ತಲೆಗೆ ಹೊರಿಸಿ ಮನೆಮನೆಗೆ ಹೋಗುತ್ತಾರೆ, ಉತ್ತರದಲ್ಲಿ ಗುರ್ಜಿಯನ್ನು ಹೊತ್ತು ತಿರುಗುತ್ತಾರೆ. ಪ್ರತಿ ಮನೆಯವರೂ ಒಂದು ತಂಬಿಗೆ ನೀರು ಹೊಯ್ದು, ಹಿಟ್ಟೋ ಕಾಳೋ ಕೊಡಬೇಕು. ಕೂಡಿದ್ದನ್ನೆಲ್ಲ ಒಂದೆಡೆ ಬೇಯಿಸಿ ಊರ ಮಕ್ಕಳು, ಬಡವರು ಸೇರಿ ಉಣ್ಣುತ್ತಾರೆ. ಮಳೆ ಬರಲಿ ಬಿಡಲಿ, ಹಿಟ್ಟಿದ್ದ ಮನೆಯಿಂದ ಇಲ್ಲದ ಮನೆಯ ಮಗುವಿನ ಹೊಟ್ಟೆಗೆ ಒಂದಿಷ್ಟು ಹೋಗಿರುತ್ತದೆ; ಕೇಳಿದವನಿಗೆ ಭಿಕ್ಷೆ ಬೇಡಿದ ಅವಮಾನವಿಲ್ಲ. ಯಾವ ಮನೆಯಲ್ಲಿ ಇನ್ನೂ ಹಿಟ್ಟಿದೆ, ಯಾವ ಮನೆ ಬರಿದಾಗಿದೆ ಎಂಬುದೂ ಊರಿಗೆ ತಿಳಿದುಹೋಗಿರುತ್ತದೆ. ಒಂದೆರಡು ಊಟದಿಂದ ಬರ ನೀಗುವುದಿಲ್ಲ ಎಂಬುದು ಸರಿಯೇ. ಅದರ ಬೆಲೆ ಇರುವುದು ಬರದ ಮೊದಲ ತಿಂಗಳುಗಳಲ್ಲಿ, ಊರು ಇನ್ನೂ ಊರಾಗಿ ಉಳಿದಿರುವಾಗ.

ಊರು ಬಿಡುವುದು ಕೊನೆಯ ಘಟ್ಟಗಳಲ್ಲಿ ಒಂದು. ಗುಳೆ ಹೋದವರನ್ನು ವರದಿಗಳು ಗೊತ್ತುಗುರಿಯಿಲ್ಲದೆ ಅಲೆಯುವವರು ಎಂದವು. ಗುರಿ ಇತ್ತು. ಕಲಾದಗಿ ಜಿಲ್ಲೆಯವರು ನಿಜಾಮನ ಸೀಮೆಗೆ ದಾಟಿದರು. ಮೈಸೂರಿನ ಬಯಲಿನವರು ಪಶ್ಚಿಮಕ್ಕೆ, ಮಲೆನಾಡಿಗೆ ಮತ್ತು ಕೊಡಗಿನ ಕಾಫಿ ತೋಟಗಳಿಗೆ ಹೋದರು. ಒಳ್ಳೆಯ ವರ್ಷಗಳಲ್ಲೂ ಸುಗ್ಗಿ ಮುಗಿಸಿ, ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟಕ್ಕೆ ದುಡಿಯಲು ಹೋಗುವ ದಾರಿ ಅದು. ಯಾವ ತೋಟ, ಯಾವ ಮೇಸ್ತ್ರಿ, ಎಲ್ಲಿ ತಂಗಬೇಕು ಎಲ್ಲವೂ ಗೊತ್ತಿದ್ದ ದಾರಿ. ದನಗಳನ್ನೂ ಅದೇ ದಿಕ್ಕಿಗೆ ಹೊಡೆದರು. ಆ ಆಯ್ಕೆ ಎಷ್ಟು ಸರಿಯಿತ್ತು ಎಂಬುದಕ್ಕೆ 1881ರ ಜನಗಣತಿಯೇ ಪ್ರಮಾಣ: ಕೋಲಾರ, ತುಮಕೂರಿನಂತಹ ಪೂರ್ವದ ಬಯಲು ಜಿಲ್ಲೆಗಳು ಜನರನ್ನು ಕಳೆದುಕೊಂಡಿದ್ದರೆ ಮಲೆನಾಡು ಬಹುಮಟ್ಟಿಗೆ ಪಾರಾಗಿತ್ತು. ಸಾಮಾನ್ಯವಾಗಿ ಗಂಡಸರು ಮೊದಲು ಹೋಗಿ, ಮುದುಕರು ಮತ್ತು ಬೀಜದ ಕಾಳು ಊರಲ್ಲೇ ಉಳಿಯುತ್ತಿದ್ದರು. ಇಡೀ ಕುಟುಂಬ ಹೊರಟಿತೆಂದರೆ ಹಿಂದೆ ಕಾಯಬೇಕಾದದ್ದು ಏನೂ ಉಳಿದಿಲ್ಲ ಎಂದರ್ಥ.

ನಿಜವಾದ ಗಾಬರಿ ಎಲ್ಲಿತ್ತು ಎಂದು ಹುಡುಕಿದರೆ ಅದು ಮೊದಲು ಕಾಣುವುದು ಪೇಟೆಯಲ್ಲಿ. 1876ರ ಅಕ್ಟೋಬರ್ ಹೊತ್ತಿಗೆ ದಕ್ಷಿಣದ ಧಾನ್ಯಪೇಟೆಗಳಲ್ಲಿ ಬೆಲೆ ಹಠಾತ್ತನೆ ನೆಗೆಯಿತು. ವರ್ತಕರು ಅಂಗಡಿ ಮುಚ್ಚಿದರು, ಮಾರುವವನಿಗಿಂತ ಕೊಂಡಿಡುವವನು ಹೆಚ್ಚಾದ. ಬಳ್ಳಾರಿ, ಕರ್ನೂಲು, ಕಡಪದ ಕಡೆ ಗುಂಪುಗಳು ಧಾನ್ಯ ಲೂಟಿ ಮಾಡಿದವು. ಈ ಲೂಟಿಗಳನ್ನು ಅಧ್ಯಯನ ಮಾಡಿದ ಚರಿತ್ರಕಾರ ಡೇವಿಡ್ ಆರ್ನಾಲ್ಡ್ ಅವುಗಳಲ್ಲಿ ಒಂದು ಶಿಸ್ತನ್ನು ಗುರುತಿಸುತ್ತಾರೆ. ಗುಂಪು ಸೇರುತ್ತಿದ್ದದ್ದು ಹೆಚ್ಚಾಗಿ ಸಂತೆಯ ದಿನ, ಅಥವಾ ಧಾನ್ಯದ ಗಾಡಿ ಊರು ದಾಟುವಾಗ. ವರ್ತಕನು ಹಳೆಯ ಬೆಲೆಗೆ ಅಥವಾ ಒಪ್ಪುವಂತಹ ಬೆಲೆಗೆ ಕೊಡಲಿ ಎಂಬ ಒತ್ತಾಯ ಮೊದಲು, ಅವನು ಒಪ್ಪದಿದ್ದರೆ ಲೂಟಿ. ಜೀವಹಾನಿ ಕಡಿಮೆ. ಊರಿನ ಧಾನ್ಯದ ಮೇಲೆ ಊರಿಗೆ ಹಕ್ಕಿದೆ ಎಂಬ ಹಳೆಯ ತಿಳಿವಳಿಕೆಯೇ ಇಲ್ಲಿಯೂ ಕೆಲಸ ಮಾಡಿದ್ದು. ಸರ್ಕಾರಕ್ಕೆ ಇದು ಶುದ್ಧ ಅಪರಾಧ. ಧಾನ್ಯದ ಬೆಲೆಗೆ ಕೈಹಾಕಬಾರದು, ಖಾಸಗಿ ವ್ಯಾಪಾರಕ್ಕೆ ಅಡ್ಡಬರಬಾರದು ಎಂಬುದು ಕಲ್ಕತ್ತೆಯ ಕಟ್ಟಪ್ಪಣೆ. ತಮಾಷೆಯೆಂದರೆ ಇದೇ ಹೊತ್ತಿಗೆ ಮದ್ರಾಸ್ ಸರ್ಕಾರ ಅರ್ಬತ್‌ನಾಟ್ ಕಂಪನಿಯ ಮೂಲಕ 30,000 ಟನ್ ಧಾನ್ಯವನ್ನು ಗುಟ್ಟಾಗಿ ಖರೀದಿಸಿ ಇಟ್ಟುಕೊಂಡಿತು, ವೈಸರಾಯ್ ಲಿಟ್ಟನ್‌ನ ಸರ್ಕಾರ ಅದಕ್ಕೆ ಛೀಮಾರಿ ಹಾಕಿತು. ರೈತ ಹಗೇವಿನಲ್ಲಿ ಬಚ್ಚಿಟ್ಟರೆ ಅಂಜುಬುರುಕತನ, ಸರ್ಕಾರ ಬಚ್ಚಿಟ್ಟರೆ ದೂರದೃಷ್ಟಿ ಎಂದು ಮದ್ರಾಸಿನ ಅಧಿಕಾರಿಗಳು ವಾದಿಸಿದ್ದರೆ ಅವರಿಗೆ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಜನ ಲೆಕ್ಕ ಹಾಕುತ್ತಿದ್ದರು ಎಂಬುದಕ್ಕೆ ಅತಿ ಗಟ್ಟಿಯಾದ ಪುರಾವೆ ಪರಿಹಾರ ಕಾಮಗಾರಿಗಳಲ್ಲೇ ಇದೆ. ಖರ್ಚು ತಗ್ಗಿಸಲೆಂದು ನೇಮಕವಾದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೂಲಿಯನ್ನು ಇಳಿಸಿದ: ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯದ ಬೆಲೆ, ಉಪ್ಪು-ಮೆಣಸಿಗೆಂದು ಅಲ್ಪ ಚಿಲ್ಲರೆ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದ. ಜೊತೆಗೆ, ಹತ್ತಿರದ ಸಣ್ಣ ಕಾಮಗಾರಿ ಬಿಟ್ಟು ದೂರದ ದೊಡ್ಡ ಕಾಮಗಾರಿಗೆ ಹೋಗಿ ಅಲ್ಲೇ ತಂಗಬೇಕೆಂಬ ಕಟ್ಟಳೆ. ನಿಜಕ್ಕೂ ಹಸಿದವನು ಎಷ್ಟು ದೂರವಾದರೂ ನಡೆದು ಬಂದಾನು ಎಂಬುದು ಅದರ ಹಿಂದಿನ ತರ್ಕ. ಮುಂಬಯಿ ಪ್ರಾಂತದ ದಖನ್ ಜಿಲ್ಲೆಗಳಲ್ಲಿ ಇದಕ್ಕೆ ಬಂದ ಉತ್ತರ ಅಧಿಕಾರಿಗಳನ್ನು ಕಂಗೆಡಿಸಿತು. ಸಾವಿರ ಸಾವಿರ ಜನ ಸದ್ದಿಲ್ಲದೆ ಸಲಿಕೆ ಕೆಳಗಿಟ್ಟು ಎದ್ದುಹೋದರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಹಸಿದವನು ಕೂಲಿ ಬಿಟ್ಟು ಹೋಗುತ್ತಾನೆಂದರೆ ಅವನಿಗೆ ಹಸಿವೇ ಇಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಕೂಲಿಯವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಒಂದು ಪೌಂಡ್ ಧಾನ್ಯಕ್ಕೆ ದೇಹ ಖರ್ಚು ಮಾಡುವ ಶಕ್ತಿ ಅದಕ್ಕಿಂತ ಹೆಚ್ಚು. ಮನೆ ಬಿಟ್ಟು ಶಿಬಿರಕ್ಕೆ ಹೋದರೆ ಇದ್ದಬದ್ದ ದನ, ಬೀಜ ಕಾಯುವವರಿಲ್ಲ. ಕಿಕ್ಕಿರಿದ ಶಿಬಿರದಲ್ಲಿ ಕಾಲರಾ ಕಾದಿದೆ. ಮನೆಯಲ್ಲೇ ಸೊಪ್ಪು ತಿಂದುಕೊಂಡು ಮಲಗಿರುವುದು ಲೇಸು.

ಇದಕ್ಕೆ ಎದುರಾಗಿ ಹೇಳಬಹುದಾದ ಮೊದಲ ಮಾತು ಬೆಂಗಳೂರಿನದು. 1877ರಲ್ಲಿ ಸುತ್ತಲ ತಾಲ್ಲೂಕುಗಳಿಂದ ಪಟ್ಟಣಕ್ಕೆ ನುಗ್ಗಿ ಬಂದವರು ಗಂಜಿಕೇಂದ್ರಗಳ ಬಾಗಿಲಲ್ಲಿ ಸತ್ತರು, ದಿನ ಬೆಳಗಾದರೆ ಬೀದಿಯ ಹೆಣ ಎತ್ತುವುದೇ ಒಂದು ಕೆಲಸವಾಯಿತು, ತಾಯಂದಿರು ಮಕ್ಕಳನ್ನು ಬಿಟ್ಟುಹೋದರು, ಕ್ರೈಸ್ತ ಮಿಷನ್‌ಗಳ ಅನಾಥಾಲಯಗಳು ತುಂಬಿದವು. ಇದು ಗಾಬರಿಯಲ್ಲದೆ ಮತ್ತೇನು? ದೃಶ್ಯವನ್ನು ಅಲ್ಲಗಳೆಯುವಂತಿಲ್ಲ, ಆದರೆ ಅದರ ತಾರೀಖನ್ನು ನೋಡಬೇಕು. ಪಟ್ಟಣ ತುಂಬಿದ್ದು ಮಳೆ ತಪ್ಪಿದ ಮೊದಲ ತಿಂಗಳಲ್ಲಿ ಅಲ್ಲ, 1877ರ ಮುಂಗಾರೂ ತಡವಾದ ಮೇಲೆ, ಒಡವೆ, ಪಾತ್ರೆ, ದನ, ತೊಲೆ ಎಲ್ಲ ಕೈಬಿಟ್ಟ ಮೇಲೆ. ಗಾಬರಿಯಿಂದ ಓಡುವವನು ಮೊದಲೇ ಓಡುತ್ತಾನೆ. ಇವರು ಮೆಟ್ಟಿಲೊಂದೊಂದಾಗಿ ಇಳಿದು, ಮುಂದಿನ ಮೆಟ್ಟಿಲಿಲ್ಲದಾಗ ಬಂದವರು. ಮಗುವನ್ನು ಬಿಟ್ಟುಹೋದ ತಾಯಿಯ ಬಗ್ಗೆ ತರ್ಕ ಮಾಡುವುದು ನಿರ್ದಯವೆನಿಸುತ್ತದೆ. ಆದರೂ ಅನಾಥಾಲಯದ ಬಾಗಿಲಲ್ಲಿ ಬಿಟ್ಟ ಮಗು ತನ್ನ ಜೊತೆ ನಡೆಯುವ ಮಗುವಿಗಿಂತ ಬದುಕುವ ಸಂಭವ ಹೆಚ್ಚು ಎಂದು ಅವಳು ಎಣಿಸಿದ್ದರೆ ಆ ಎಣಿಕೆ ತಪ್ಪಿರಲಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಲವಾದದ್ದು, ಅದಕ್ಕೆ ನನ್ನ ಬಳಿ ಅರ್ಧ ಉತ್ತರವೇ ಇದೆ. ಹಗೇವು ಯಾರದು? ಗೌಡರದು, ಶಾನುಭೋಗರದು, ನಾಲ್ಕು ಜೊತೆ ಎತ್ತಿದ್ದ ರೈತರದು, ಸಾಹುಕಾರರದು. ಊರ ಹೊರಗಿನ ಕೇರಿಯಲ್ಲಿದ್ದ ಹೊಲೆಯರು, ಮಾದಿಗರು ಆ ಹಗೇವು ತೋಡಿರಬಹುದು, ದೀಪ ಇಳಿಬಿಟ್ಟು ಮೊದಲು ಒಳಗಿಳಿದವರೂ ಅವರೇ ಇರಬಹುದು. ಒಳಗಿನ ಕಾಳು ಅವರದಲ್ಲ. ಬಿತ್ತನೆಯಿಲ್ಲದ ವರ್ಷದಲ್ಲಿ ಕೂಲಿ ಮೊದಲ ದಿನವೇ ನಿಲ್ಲುತ್ತದೆ. ರೈತ ತನ್ನ ಲೆಕ್ಕದ ಪ್ರಕಾರ ಮೊದಲು ಕಡಿಯುವ ಖರ್ಚೇ ಕೂಲಿಯಾಳಿನ ಊಟ. ಒಬ್ಬನ ಮುಂಜಾಗ್ರತೆ ಇನ್ನೊಬ್ಬನ ಉಪವಾಸವಾಗುವುದು ಹೀಗೆ. ನೇಕಾರರ ಸ್ಥಿತಿಯೂ ಇದೇ. ಹೊಟ್ಟೆಗಿಲ್ಲದ ವರ್ಷ ಯಾರೂ ಸೀರೆ ಕೊಳ್ಳುವುದಿಲ್ಲ, ಕಲ್ಲು ಒಡೆದ ಕೈ ಮತ್ತೆ ಮಗ್ಗದ ನಯ ಕಾಣುವುದಿಲ್ಲ. ಮದ್ರಾಸ್ ಪ್ರಾಂತದ ಕೆಲವೆಡೆ ನೂಲು ಕೊಟ್ಟು ನೇಯಿಸಿ ಬಟ್ಟೆ ಕೊಳ್ಳುವ ವಿಶೇಷ ಪರಿಹಾರ ನಡೆದದ್ದು ಈ ಕಾರಣಕ್ಕೇ. ಆದ್ದರಿಂದ ಹಳ್ಳಿಯ ಹಳೆಯ ಏರ್ಪಾಡುಗಳನ್ನು ಎಲ್ಲರನ್ನೂ ಪೊರೆದ ಸುವರ್ಣ ವ್ಯವಸ್ಥೆ ಎಂದು ಹಾಡಿಹೊಗಳುವುದು ಸುಳ್ಳು. ನಾನು ಕೊಡಬಹುದಾದ ಅರ್ಧ ಉತ್ತರ ಇಷ್ಟು: ಭೂಮಿಯಿಲ್ಲದವರಿಗೂ ಒಂದು ಕ್ರಮ ಇತ್ತು, ಮೆಟ್ಟಿಲು ಕಡಿಮೆ ಇದ್ದವು. ಅವರು ಬೇಗ ಗುಳೆ ಹೊರಟರು, ಸೊಪ್ಪು-ಗೆಡ್ಡೆಯ ಜ್ಞಾನ ಅವರಲ್ಲೇ ಹೆಚ್ಚಿತ್ತು, ಪರಿಹಾರ ಕಾಮಗಾರಿಯನ್ನು ಮೊದಲು ಹುಡುಕಿಕೊಂಡು ಹೋದವರೂ ಅವರೇ. ಬೇಗ ಹೊರಟಿದ್ದನ್ನೇ ಅಧಿಕಾರಿಗಳು ಗಾಬರಿ ಎಂದರು. ಕಾಯಲು ಏನೂ ಇಲ್ಲದವನು ಬೇಗ ಹೊರಡುವುದೇ ವಿವೇಕ.

ಇಷ್ಟೆಲ್ಲ ಲೆಕ್ಕಾಚಾರವಿದ್ದೂ ಮೈಸೂರಿನ ಗಣತಿಯಲ್ಲಿ ಸುಮಾರು 8,70,000 ಜನ ಕಡಿಮೆಯಾದರಲ್ಲ, ಹಾಗಾದರೆ ಅದರ ಪ್ರಯೋಜನವೇನು ಎಂದು ಕೇಳಬಹುದು. ಆ ಲೆಕ್ಕ ಒಂದು ವರ್ಷದ, ಹೆಚ್ಚೆಂದರೆ ಒಂದೂವರೆ ವರ್ಷದ ಬರಕ್ಕೆ ಹೊಂದಿಸಿದ್ದು. ಮೂರು ವರ್ಷ ಸಾಲಾಗಿ ಬಂದ ಕೊರತೆ, ಬೆಳೆಯದ ಹೊಲಕ್ಕೂ ಬಾಕಿ ಉಳಿಯುವ ನಗದು ಕಂದಾಯ, ಒಂದು ಪೌಂಡಿನ ಕೂಲಿ ಇವು ಒಟ್ಟಿಗೆ ಬಿದ್ದಾಗ ಅದು ಮುರಿಯಿತು. ಮುರಿದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದನ್ನು ಮಳೆ ಬಂದ ಮೇಲೆ ನೋಡಬೇಕು. 1877ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಕಾಮಗಾರಿಗಳು ಖಾಲಿಯಾಗತೊಡಗಿದವು. ಕೂಲಿ ಬಿಟ್ಟು, ಗಂಜಿ ಬಿಟ್ಟು, ಎಲುಬುಗೂಡಾದ ಜನ ಬಿತ್ತಲು ಊರಿಗೆ ಮರಳಿದರು. ಲಂಡನ್ನಿನ ಮ್ಯಾನ್ಶನ್ ಹೌಸ್ ಬರಪರಿಹಾರ ನಿಧಿಯ ಹಣದಲ್ಲಿ ಒಂದು ಭಾಗ ಬೀಜ, ಎತ್ತು ಕೊಳ್ಳಲು, ಮನೆಗೆ ಹುಲ್ಲು ಹೊದಿಸಲು ಹಂಚಿಕೆಯಾಯಿತು, ಅದರಿಂದ ಬಹಳ ಸಹಾಯವಾಯಿತು. ಆದರೆ ಆ ಹಣ ಎಲ್ಲರನ್ನೂ ತಲುಪುವ ಮುಂಚೆಯೇ ಬಿತ್ತನೆ ನಡೆದಿತ್ತು. ಯಾರದೋ ಮನೆಯ ಮೂಲೆಯಲ್ಲಿ ತಿನ್ನದೆ ಉಳಿಸಿದ ಬೀಜವಿರದಿದ್ದರೆ ಅದು ಆಗುವ ಮಾತಲ್ಲ.

1880ರಲ್ಲಿ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆ ಸಿದ್ಧವಾಯಿತು, ಪ್ರಾಂತಗಳು ಅದನ್ನು ತಮ್ಮತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು. ಬರ ಬರುತ್ತಿದೆ ಎಂದು ಜಿಲ್ಲಾಧಿಕಾರಿ ತಿಳಿಯುವುದು ಹೇಗೆ ಎಂಬುದಕ್ಕೆ ಆ ಸಂಹಿತೆಗಳಲ್ಲಿ ಲಕ್ಷಣಗಳ ಪಟ್ಟಿಯಿದೆ: ಕಾಳಿನ ಬೆಲೆಯ ಏರಿಕೆ, ಸಾಹುಕಾರರು ಸಾಲ ನಿಲ್ಲಿಸುವುದು, ಜನ ಅಸಹಜವಾಗಿ ಊರು ಬಿಡುವುದು, ಧಾನ್ಯದ ಕಳವು ಹೆಚ್ಚುವುದು. 1876ರಲ್ಲಿ ಗಾಬರಿ, ಅಲೆದಾಟ, ಅಪರಾಧ ಎನಿಸಿಕೊಂಡದ್ದೇ ಈಗ ಆಡಳಿತ ಕಣ್ಣಿಟ್ಟು ನೋಡಬೇಕಾದ ಸೂಚನೆಯಾಯಿತು. ಜನರ ನಡೆಯಲ್ಲಿ ಅರ್ಥವಿದೆ ಎಂದು ಸರ್ಕಾರ ಒಪ್ಪಿತು, ಅವರನ್ನು ನಂಬಲು ಮಾತ್ರ ಒಪ್ಪಲಿಲ್ಲ. ಕಾಮಗಾರಿಗೆ ಬಂದವನು ನಿಜಕ್ಕೂ ಹಸಿದಿದ್ದಾನೆಯೇ ಎಂದು ದುಡಿಮೆಯಿಂದಲೇ ಪರೀಕ್ಷಿಸುವ ಪದ್ಧತಿ ಹೊಸ ಸಂಹಿತೆಯಲ್ಲೂ ಮುಂದುವರಿಯಿತು. ಬರದ ಕೂಲಿಗಳು ಮಣ್ಣು ಹೊತ್ತು ಏರಿ ಹಾಕಿದ ಬೆಂಗಳೂರು-ಮೈಸೂರು ದಾರಿಯಲ್ಲಿ 1882ರ ವೇಳೆಗೆ ರೈಲು ಓಡಾಡತೊಡಗಿತು.